ಒಬ್ಬ ಯೋಧ, ಇಬ್ಬರು ಒಡೆಯರು: ಅಮೆರಿಕದ ನ್ಯಾಷನಲ್ ಗಾರ್ಡ್ ಎಂಬ ಅರೆಕಾಲಿಕ ಸೇನೆ

1957ರ ಸೆಪ್ಟೆಂಬರ್ 4. ಅಮೆರಿಕದ ಅರ್ಕಾನ್ಸಾ ರಾಜ್ಯದ ರಾಜಧಾನಿ ಲಿಟಲ್ ರಾಕ್. ಅಲ್ಲಿನ ಸೆಂಟ್ರಲ್ ಹೈಸ್ಕೂಲಿನ ಮುಂದೆ ಬಂದೂಕುಧಾರಿ ಯೋಧರು ಸಾಲುಗಟ್ಟಿ ನಿಂತಿದ್ದರು. ಅಂದಿನವರೆಗೆ ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಆ ಶಾಲೆಗೆ ಸೇರಬಂದ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನು ಒಳಗೆ ಬಿಡಬಾರದೆಂಬುದು ಅವರಿಗೆ ಬಂದಿದ್ದ ಆದೇಶ. ಆದೇಶ ನೀಡಿದವರು ರಾಜ್ಯದ ಗವರ್ನರ್ ಆರ್ವಲ್ ಫಾಬಸ್. ಮೂರು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 24ರಂದು, ಅಧ್ಯಕ್ಷ ಐಸೆನ್‌ಹೋವರ್ ಆ ರಾಜ್ಯದ ಇಡೀ ಪಡೆಯನ್ನು ತಮ್ಮ ಅಧೀನಕ್ಕೆ ತೆಗೆದುಕೊಂಡರು. ಜೊತೆಗೆ ಖಾಯಂ ಸೇನೆಯ 101ನೇ ವಾಯುವಾಹಿತ ಡಿವಿಷನ್ನಿನ ಯೋಧರನ್ನೂ ಕಳುಹಿಸಿದರು. ನವೆಂಬರ್ ಅಂತ್ಯದ ವೇಳೆಗೆ ಖಾಯಂ ಸೈನಿಕರು ಹಿಂದಿರುಗಿದರು. ಆ ಬಳಿಕ ಶಾಲಾ ವರ್ಷ ಮುಗಿಯುವವರೆಗೆ ಒಂಬತ್ತು ವಿದ್ಯಾರ್ಥಿಗಳ ರಕ್ಷಣೆಯ ಹೊಣೆ ಬಿದ್ದದ್ದು ಅದೇ ರಾಜ್ಯ ಪಡೆಯ ಮೇಲೆ.

ಪಡೆ ಅದೇ, ಸಮವಸ್ತ್ರ ಅದೇ, ಊರೂ ಅದೇ. ಬದಲಾದದ್ದು ಆದೇಶ ನೀಡುವ ಕೈ ಮಾತ್ರ. ಈ ವಿಚಿತ್ರ ಸ್ಥಿತಿಗೆ ಕಾರಣವಾದ ಸಂಸ್ಥೆಯ ಹೆಸರು ನ್ಯಾಷನಲ್ ಗಾರ್ಡ್. ಹೆಸರಿನಲ್ಲಿ ರಾಷ್ಟ್ರವಿದ್ದರೂ ಅದು ಮೂಲತಃ ರಾಜ್ಯಗಳ ಸೇನೆ. ರಾಜ್ಯಗಳ ಸೇನೆಯಾದರೂ ರಾಷ್ಟ್ರದ ಯುದ್ಧಗಳಲ್ಲಿ ಹೋರಾಡುವ ಮೀಸಲು ಪಡೆ. ಅದರಲ್ಲಿರುವವರು ಬಹುಪಾಲು ಅರೆಕಾಲಿಕ ಯೋಧರು.

ವಾರಾಂತ್ಯದ ಸೈನಿಕರು

ಅಮೆರಿಕದ 50 ರಾಜ್ಯಗಳು, ಪೋರ್ಟೊರಿಕೊ, ಗುವಾಮ್ ಹಾಗೂ ವರ್ಜಿನ್ ದ್ವೀಪಗಳೆಂಬ ಮೂರು ಆಡಳಿತ ಪ್ರದೇಶಗಳು ಮತ್ತು ರಾಜಧಾನಿ ವಾಷಿಂಗ್ಟನ್, ಹೀಗೆ ಒಟ್ಟು 54 ಕಡೆ ಪ್ರತ್ಯೇಕ ನ್ಯಾಷನಲ್ ಗಾರ್ಡ್ ಪಡೆಗಳಿವೆ. ಭೂಸೇನಾ ಗಾರ್ಡ್‌ನಲ್ಲಿ ಸುಮಾರು 3.25 ಲಕ್ಷ, ವಾಯುಸೇನಾ ಗಾರ್ಡ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ. ಪೂರ್ಣಾವಧಿ ಸಿಬ್ಬಂದಿ ಕೆಲವರಿದ್ದರೂ ಉಳಿದವರು ಶಿಕ್ಷಕರು, ಪೊಲೀಸರು, ಲಾರಿ ಚಾಲಕರು, ದಾದಿಯರು, ಕಾಲೇಜು ವಿದ್ಯಾರ್ಥಿಗಳು, ಸಾಫ್ಟ್‌ವೇರ್ ಎಂಜಿನಿಯರುಗಳು. ಅಮೆರಿಕದ ಪೌರತ್ವವಿಲ್ಲದಿದ್ದರೂ ಕಾಯಂ ನಿವಾಸದ ಹಕ್ಕಾದ ಗ್ರೀನ್ ಕಾರ್ಡ್ ಪಡೆದವರು ಸಾಮಾನ್ಯ ಸೈನಿಕರಾಗಿ ಸೇರಬಹುದು. ಆದ್ದರಿಂದ ಅಲ್ಲಿ ನೆಲೆಸಿದ ವಲಸಿಗ ಕುಟುಂಬಗಳ ಮಕ್ಕಳಿಗೂ ಈ ಬಾಗಿಲು ತೆರೆದಿದೆ.

'ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆರಡು ವಾರ' ಎಂಬುದು ಈ ಸೇವೆಯ ಬಗ್ಗೆ ಅಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಮಾತು. ಮೊದಲಿಗೆ ಖಾಯಂ ಸೈನಿಕರ ಜೊತೆಯಲ್ಲೇ ಮೂಲ ತರಬೇತಿ. ಆ ಬಳಿಕ ಊರಿಗೆ ಮರಳಿ ತಮ್ಮ ಉದ್ಯೋಗ ಮಾಡಿಕೊಂಡು, ತಿಂಗಳಿಗೊಮ್ಮೆ ಶನಿವಾರ ಮತ್ತು ಭಾನುವಾರ ಸ್ಥಳೀಯ ಶಸ್ತ್ರಾಗಾರದಲ್ಲಿ ಕವಾಯತಿಗೆ ಹಾಜರಾಗಬೇಕು. ಒಂದು ವಾರಾಂತ್ಯವನ್ನು ನಾಲ್ಕು ಅವಧಿಗಳೆಂದು ಲೆಕ್ಕ ಹಾಕಿ ನಾಲ್ಕು ದಿನಗಳ ಮೂಲ ವೇತನ ಕೊಡಲಾಗುತ್ತದೆ. ವರ್ಷಕ್ಕೊಮ್ಮೆ ಹದಿನೈದು ದಿನಗಳ ಶಿಬಿರ. ಇದರ ಜೊತೆಗೆ ಕಾಲೇಜು ಶುಲ್ಕಕ್ಕೆ ನೆರವು, ಆರೋಗ್ಯ ವಿಮೆ, ನಿಗದಿತ ವರ್ಷಗಳ ಸೇವೆಯ ನಂತರ ನಿವೃತ್ತಿ ವೇತನ ಇತ್ಯಾದಿ ಸೌಲಭ್ಯಗಳಿವೆ. ಬಡ ಮತ್ತು ಕೆಳಮಧ್ಯಮ ವರ್ಗದ ಅನೇಕ ಯುವಕ ಯುವತಿಯರಿಗೆ ಪದವಿ ಶಿಕ್ಷಣದ ದಾರಿ ಇದೇ ಆಗಿದೆ.

ಇಲ್ಲೊಂದು ಸ್ಪಷ್ಟನೆ ಅಗತ್ಯ. ಅಮೆರಿಕದ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ಕೇಂದ್ರ ನೇಮಿಸಿದ ವ್ಯಕ್ತಿಯಲ್ಲ. ಜನರಿಂದ ನೇರವಾಗಿ ಆಯ್ಕೆಯಾಗಿ ರಾಜ್ಯಭಾರ ನಡೆಸುವವರು. ಅಧಿಕಾರದ ದೃಷ್ಟಿಯಿಂದ ನಮ್ಮ ಮುಖ್ಯಮಂತ್ರಿಗೆ ಸಮೀಪ. ಸಾಮಾನ್ಯ ಕಾಲದಲ್ಲಿ ರಾಜ್ಯದ ಗಾರ್ಡ್‌ಗೆ ಅವರೇ ಮಹಾದಂಡನಾಯಕ. ಅವರ ಕೆಳಗೆ ಅಡ್ಜುಟಂಟ್ ಜನರಲ್ ಎಂಬ ಸೇನಾಧಿಕಾರಿ ಪಡೆಯನ್ನು ನಡೆಸುತ್ತಾರೆ. ನಮ್ಮ ಗೃಹರಕ್ಷಕ ದಳದೊಂದಿಗೆ ಇದನ್ನು ಹೋಲಿಸಲಾಗದು. ನ್ಯಾಷನಲ್ ಗಾರ್ಡ್ ಬಳಿ ಟ್ಯಾಂಕ್, ಫಿರಂಗಿ, ಹೆಲಿಕಾಪ್ಟರ್, ಯುದ್ಧ ವಿಮಾನಗಳೂ ಇವೆ.

ಖಾಯಂ ಸೇನೆಯ ಭಯದಿಂದ ಹುಟ್ಟಿದ ಪಡೆ

ಈ ಪಡೆಯ ಬೇರು ಅಮೆರಿಕ ಎಂಬ ದೇಶಕ್ಕಿಂತ ಹಳೆಯದು. 1636ರ ಡಿಸೆಂಬರ್ 13ರಂದು ಮ್ಯಾಸಚೂಸೆಟ್ಸ್ ಬೇ ವಸಾಹತಿನ ಆಡಳಿತವು ಊರೂರಿನ ಸಶಸ್ತ್ರ ನಾಗರಿಕರನ್ನು ರೆಜಿಮೆಂಟುಗಳಾಗಿ ಸಂಘಟಿಸಲು ಆದೇಶಿಸಿತು. ನ್ಯಾಷನಲ್ ಗಾರ್ಡ್ ಇಂದಿಗೂ ಅದನ್ನೇ ತನ್ನ ಜನ್ಮದಿನವೆಂದು ಆಚರಿಸುತ್ತದೆ. ಮಿಲಿಷಿಯಾ ಎಂದು ಕರೆಯಲಾಗುತ್ತಿದ್ದ ಈ ನಾಗರಿಕ ದಳಗಳೇ 1775ರಲ್ಲಿ ಲೆಕ್ಸಿಂಗ್ಟನ್ ಮತ್ತು ಕಾನ್‌ಕರ್ಡ್‌ಗಳಲ್ಲಿ ಬ್ರಿಟಿಷ್ ಸೈನಿಕರನ್ನು ಎದುರಿಸಿದವು. ಕರೆ ಬಂದೊಡನೆ ಬಂದೂಕು ಹಿಡಿದು ಹೊರಡುತ್ತಿದ್ದ ಆ ರೈತ ಯೋಧನ ಪ್ರತಿಮೆಯೇ ಇಂದಿನ ಪಡೆಯ ಲಾಂಛನ.

ಸ್ವಾತಂತ್ರ್ಯಾನಂತರ ಸಂವಿಧಾನ ರಚಿಸಿದವರಿಗೆ ಎರಡು ಭಯಗಳಿದ್ದವು. ಅರಸನ ಖಾಯಂ ಸೇನೆ ಪ್ರಜೆಗಳನ್ನು ತುಳಿದದ್ದನ್ನು ಕಂಡಿದ್ದ ಅವರಿಗೆ ಕೇಂದ್ರದ ಕೈಯಲ್ಲಿ ದೊಡ್ಡ ಸೇನೆ ಇರುವುದು ಬೇಡವಾಗಿತ್ತು. ಸೇನೆಯೇ ಇಲ್ಲದಿದ್ದರೆ ದೇಶ ಉಳಿಯದೆಂಬ ಅರಿವೂ ಇತ್ತು. ಕೊನೆಗೆ ಒಪ್ಪಂದವೊಂದು ಏರ್ಪಟ್ಟಿತು. ಕಾನೂನು ಜಾರಿ, ದಂಗೆ ಅಡಗಿಸುವಿಕೆ ಹಾಗೂ ಆಕ್ರಮಣದ ತಡೆ ಈ ಮೂರು ಉದ್ದೇಶಗಳಿಗೆ ರಾಜ್ಯಗಳ ಮಿಲಿಷಿಯಾವನ್ನು ಕರೆಸಿಕೊಳ್ಳುವ ಅಧಿಕಾರ ಸಂಸತ್ತಿಗೆ ಸಿಕ್ಕಿತು; ಅಧಿಕಾರಿಗಳ ನೇಮಕ ಮತ್ತು ತರಬೇತಿಯ ಅಧಿಕಾರ ರಾಜ್ಯಗಳಲ್ಲೇ ಉಳಿಯಿತು. ಇಬ್ಬರು ಒಡೆಯರ ಕಥೆ ಆರಂಭವಾದದ್ದು ಇಲ್ಲಿಯೇ.

ಜಗಳವೂ ಬೇಗನೆ ಆರಂಭವಾಯಿತು. 1812ರಲ್ಲಿ ಬ್ರಿಟನ್ನಿನೊಂದಿಗೆ ಮತ್ತೆ ಯುದ್ಧ ನಡೆದಾಗ ಮ್ಯಾಸಚೂಸೆಟ್ಸ್ ಮತ್ತು ಕನೆಕ್ಟಿಕಟ್ ಗವರ್ನರುಗಳು ತಮ್ಮ ಮಿಲಿಷಿಯಾವನ್ನು ಕೇಂದ್ರಕ್ಕೆ ಒಪ್ಪಿಸಲು ನಿರಾಕರಿಸಿದರು. ಅದೇ ವರ್ಷ ನ್ಯೂಯಾರ್ಕ್ ಮಿಲಿಷಿಯಾದ ಅನೇಕರು, ತಮ್ಮ ಕರ್ತವ್ಯ ರಾಜ್ಯದ ಗಡಿಯೊಳಗೆ ಮಾತ್ರವೆಂದು ವಾದಿಸಿ, ನದಿ ದಾಟಿ ಕೆನಡಾ ಪ್ರವೇಶಿಸಲು ಒಪ್ಪಲಿಲ್ಲ.

ಫ್ರಾನ್ಸಿನ ಸೇನಾನಿ ಲಫಾಯೆಟ್ 1824ರಲ್ಲಿ ಅಮೆರಿಕಕ್ಕೆ ಭೇಟಿ ನೀಡಿದಾಗ ನ್ಯೂಯಾರ್ಕಿನ ತುಕಡಿಯೊಂದು, ಅವರು ಹಿಂದೆ ಮುನ್ನಡೆಸಿದ್ದ ಪ್ಯಾರಿಸ್ಸಿನ ಪಡೆಯ ಗೌರವಾರ್ಥ, ತನ್ನನ್ನು ನ್ಯಾಷನಲ್ ಗಾರ್ಡ್ ಎಂದು ಕರೆದುಕೊಂಡಿತು. ಕ್ರಮೇಣ ಆ ಹೆಸರೇ ಎಲ್ಲೆಡೆ ಹರಡಿತು. 1903ರ ಕಾಯ್ದೆ ರಾಜ್ಯ ಪಡೆಗಳಿಗೆ ಕೇಂದ್ರದ ಹಣ ಮತ್ತು ಶಸ್ತ್ರಾಸ್ತ್ರ ಒದಗಿಸಿ, ಪ್ರತಿಯಾಗಿ ಕೇಂದ್ರದ ಮಾನದಂಡಗಳನ್ನು ವಿಧಿಸಿತು. 1916ರ ಕಾಯ್ದೆ ವರ್ಷಕ್ಕೆ 48 ಕವಾಯತು ಮತ್ತು 15 ದಿನಗಳ ಶಿಬಿರವನ್ನು ಕಡ್ಡಾಯಗೊಳಿಸಿ, ಯೋಧರು ರಾಜ್ಯ ಮತ್ತು ರಾಷ್ಟ್ರ ಎರಡಕ್ಕೂ ಪ್ರಮಾಣ ಸ್ವೀಕರಿಸುವ ಪದ್ಧತಿ ತಂದಿತು. 1933ರಿಂದ ಗಾರ್ಡ್ ಸೇರುವ ಪ್ರತಿಯೊಬ್ಬರೂ ಏಕಕಾಲಕ್ಕೆ ಎರಡು ಸಂಸ್ಥೆಗಳ ಸದಸ್ಯರಾಗುತ್ತಾರೆ: ಒಂದು ತಮ್ಮ ರಾಜ್ಯದ ಪಡೆ, ಇನ್ನೊಂದು ಅಮೆರಿಕ ಸೇನೆಯ ಮೀಸಲು ಬಲ.

ಕರೆಯ ಮೂರು ಬಗೆ

ಗಾರ್ಡ್ ಯೋಧನಿಗೆ ಬರುವ ಕರೆ ಮೂರು ಬಗೆಯದು. ಮೊದಲನೆಯದು ರಾಜ್ಯ ಸೇವೆ. ಪ್ರವಾಹ, ಕಾಳ್ಗಿಚ್ಚು, ಹಿಮಪಾತ, ಗಲಭೆಗಳಂತಹ ಸಂದರ್ಭದಲ್ಲಿ ಗವರ್ನರ್ ಕರೆಯುತ್ತಾರೆ. ಸಂಬಳ ರಾಜ್ಯದ ಬೊಕ್ಕಸದಿಂದ. ಎರಡನೆಯದು ಮಿಶ್ರ ವ್ಯವಸ್ಥೆ. ಆಜ್ಞೆ ಗವರ್ನರರದು, ಖರ್ಚು ಕೇಂದ್ರದ್ದು. ಮಾಸಿಕ ಕವಾಯತು ನಡೆಯುವುದು ಈ ನಿಯಮದಡಿಯಲ್ಲೇ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನ ನಿಲ್ದಾಣಗಳ ಕಾವಲು, 2020ರಲ್ಲಿ ಕೋವಿಡ್ ಪರೀಕ್ಷಾ ಕೇಂದ್ರಗಳ ನಿರ್ವಹಣೆ ಮುಂತಾದ ಕೆಲಸಗಳೂ ಈ ಬಗೆಯಲ್ಲಿ ನಡೆದವು. ಮೂರನೆಯದು ಪೂರ್ಣ ಕೇಂದ್ರ ಸೇವೆ. ಆಗ ಗವರ್ನರರ ಅಧಿಕಾರ ಮುಗಿಯುತ್ತದೆ, ಯೋಧ ಅಧ್ಯಕ್ಷರ ಅಧೀನಕ್ಕೆ ಹೋಗುತ್ತಾನೆ.

ಈ ವ್ಯತ್ಯಾಸ ಬರೀ ಕಡತದ ಮಾತಲ್ಲ. ಸೇನೆಯನ್ನು ಪೊಲೀಸ್ ಕೆಲಸಕ್ಕೆ ಬಳಸುವುದನ್ನು ನಿರ್ಬಂಧಿಸುವ 1878ರ ಕಾಯ್ದೆಯೊಂದು ಅಮೆರಿಕದಲ್ಲಿದೆ. ಗವರ್ನರರ ಅಧೀನದಲ್ಲಿರುವ ಗಾರ್ಡ್‌ಗೆ ಅದು ಅನ್ವಯಿಸುವುದಿಲ್ಲ; ಅಧ್ಯಕ್ಷರ ಅಧೀನಕ್ಕೆ ಹೋದ ಗಾರ್ಡ್‌ಗೆ ಅನ್ವಯಿಸುತ್ತದೆ. ಹೀಗಾಗಿ ಅದೇ ಯೋಧ ಅದೇ ಬೀದಿಯಲ್ಲಿ ಒಬ್ಬನನ್ನು ಬಂಧಿಸಬಹುದೇ ಇಲ್ಲವೇ ಎಂಬುದು, ಅವನನ್ನು ಯಾವ ಕಾನೂನಿನಡಿ ಕರೆಸಲಾಗಿದೆ ಎಂಬುದನ್ನು ಅವಲಂಬಿಸಿರುತ್ತದೆ.

ನೆರೆಯೂ ಯುದ್ಧವೂ ಒಟ್ಟಿಗೆ ಬಂದಾಗ

ಗಾರ್ಡ್ ತುಕಡಿಗಳು ಊರಿನ ನೆಲೆಯಲ್ಲೇ ಕಟ್ಟಲ್ಪಡುತ್ತವೆ. ಒಂದೇ ಶಾಲೆಯಲ್ಲಿ ಓದಿದವರು, ಅಣ್ಣತಮ್ಮಂದಿರು, ನೆರೆಹೊರೆಯವರು ಒಂದೇ ಕಂಪನಿಯಲ್ಲಿರುತ್ತಾರೆ. ಇದು ಬಲವೂ ಹೌದು, ಅಪಾಯವೂ ಹೌದು. ವರ್ಜಿನಿಯಾ ರಾಜ್ಯದ ಬೆಡ್‌ಫರ್ಡ್ ಸುಮಾರು ಮೂರು ಸಾವಿರ ಜನರಿದ್ದ ಪುಟ್ಟ ಪಟ್ಟಣ. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಇಳಿದ ಮೊದಲ ಅಲೆಯಲ್ಲಿ ಅಲ್ಲಿನ ಗಾರ್ಡ್ ಕಂಪನಿ ಇತ್ತು. ಆ ಒಂದೇ ದಿನ ಪಟ್ಟಣದ ಸುಮಾರು 20 ಯುವಕರು ಮಡಿದರು. ಅಮೆರಿಕದ ರಾಷ್ಟ್ರೀಯ ಡಿ-ಡೇ ಸ್ಮಾರಕ ಬೆಡ್‌ಫರ್ಡ್‌ನಲ್ಲಿ ಸ್ಥಾಪನೆಯಾಗಲು ಇದೇ ಕಾರಣ.

ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಧ್ಯಕ್ಷ ಜಾನ್ಸನ್ ಗಾರ್ಡ್ ಪಡೆಗಳನ್ನು ಅಲ್ಪ ಪ್ರಮಾಣದಲ್ಲಷ್ಟೇ ಕರೆಸಿದರು. ಪರಿಣಾಮವಾಗಿ, ಕಡ್ಡಾಯ ಸೇನಾ ಸೇವೆಯಿಂದ ಪಾರಾಗುವ ಆಶ್ರಯತಾಣವೆಂಬ ಅಪಖ್ಯಾತಿ ಗಾರ್ಡ್‌ಗೆ ಬಂತು. 1973ರಲ್ಲಿ ಕಡ್ಡಾಯ ಭರ್ತಿ ಕೊನೆಗೊಂಡಾಗ ನೀತಿ ಬದಲಾಯಿತು. ಮೀಸಲು ಪಡೆಗಳಿಲ್ಲದೆ ದೊಡ್ಡ ಯುದ್ಧ ನಡೆಸಲಾಗದಂತೆ ಸೇನೆಯನ್ನು ಹೆಣೆಯಲಾಯಿತು. ಊರೂರಿನ ಶಿಕ್ಷಕರು, ಅಂಗಡಿಕಾರರು ಯುದ್ಧಕ್ಕೆ ಹೊರಟರೆ ಯುದ್ಧದ ಬೆಲೆ ಇಡೀ ದೇಶಕ್ಕೆ ತಿಳಿಯುತ್ತದೆ ಎಂಬ ವಾದವೂ ಅದರ ಹಿಂದಿತ್ತು.

2001ರ ನಂತರ ಅಫ್ಘಾನಿಸ್ತಾನ ಮತ್ತು ಇರಾಕ್ ಯುದ್ಧಗಳಲ್ಲಿ ಈ ಬೆಲೆ ಏನೆಂದು ತಿಳಿಯಿತು. ವಾರಾಂತ್ಯದ ಸೈನಿಕರು ವರ್ಷಗಟ್ಟಲೆ ಮನೆಬಿಟ್ಟು ಹೋದರು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಲೂಸಿಯಾನ ಮತ್ತು ಮಿಸಿಸಿಪಿ ತೀರಕ್ಕೆ ಅಪ್ಪಳಿಸಿದಾಗ ಆ ಎರಡೂ ರಾಜ್ಯಗಳ ಗಾರ್ಡ್ ಬ್ರಿಗೇಡುಗಳು ಇರಾಕಿನಲ್ಲಿದ್ದವು. ತಮ್ಮ ಮನೆಗಳು ಮುಳುಗಿದ ಸುದ್ದಿಯನ್ನು ಲೂಸಿಯಾನದ ಯೋಧರು ಸಾವಿರಾರು ಮೈಲು ದೂರದ ಮರುಭೂಮಿಯಲ್ಲಿ ಕುಳಿತು ಕೇಳಬೇಕಾಯಿತು. ಇತರ ರಾಜ್ಯಗಳು ಕೈಜೋಡಿಸಿದ್ದರಿಂದ ಕೊನೆಗೆ 50 ಸಾವಿರಕ್ಕೂ ಹೆಚ್ಚು ಗಾರ್ಡ್ ಯೋಧರು ಪರಿಹಾರ ಕಾರ್ಯಕ್ಕಿಳಿದರು. ದೇಶದೊಳಗಿನ ವಿಪತ್ತಿಗೆ ಗಾರ್ಡ್ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಸ್ಪಂದಿಸಿದ್ದು ಅದೇ ಮೊದಲು. ಆದರೆ ಒಂದೇ ಪಡೆಯನ್ನು ಎರಡು ಕಡೆ ಎಣಿಸುವ ಲೆಕ್ಕಾಚಾರ ಎಷ್ಟು ದುರ್ಬಲವೆಂಬುದು ಅಂದು ಬಯಲಾಯಿತು.

ಸ್ವಂತ ಜನರ ಎದುರು

ನೆರೆಯಲ್ಲಿ ದೋಣಿ ತಂದ ಯೋಧನನ್ನು ಜನ ಆದರಿಸುತ್ತಾರೆ. ಬೀದಿಯಲ್ಲಿ ಬಂದೂಕು ಹಿಡಿದು ನಿಂತಾಗ ಸಂಬಂಧ ಬದಲಾಗುತ್ತದೆ. 1970ರ ಮೇ 4ರಂದು ಓಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಕಾಂಬೋಡಿಯದ ಮೇಲಿನ ದಾಳಿಯನ್ನು ವಿರೋಧಿಸಿ ವಿದ್ಯಾರ್ಥಿಗಳು ಸೇರಿದ್ದರು. ಲಾರಿ ಚಾಲಕರ ಮುಷ್ಕರದ ಬಂದೋಬಸ್ತಿನಿಂದ ನೇರವಾಗಿ ಕರೆತರಲಾಗಿದ್ದ ಗಾರ್ಡ್ ಯೋಧರು 13 ಸೆಕೆಂಡುಗಳಲ್ಲಿ 60ಕ್ಕೂ ಹೆಚ್ಚು ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು, ಒಂಬತ್ತು ಮಂದಿ ಗಾಯಗೊಂಡರು. ಗುಂಡು ಹಾರಿಸಿದವರಲ್ಲಿ ಹಲವರು ಆ ವಿದ್ಯಾರ್ಥಿಗಳ ವಯಸ್ಸಿನವರೇ. ಗುಂಪು ನಿಯಂತ್ರಣಕ್ಕೆ ಬೇಕಾದ ತರಬೇತಿ ಮತ್ತು ಸಲಕರಣೆಗಳಿಲ್ಲದೆ, ಯುದ್ಧದ ಬಂದೂಕುಗಳೊಂದಿಗೆ ಅವರನ್ನು ಕಳುಹಿಸಿದ್ದೇ ತಪ್ಪೆಂಬ ಟೀಕೆ ವ್ಯಾಪಕವಾಯಿತು. ಗಲಭೆ ನಿಯಂತ್ರಣದ ತರಬೇತಿಯಲ್ಲಿ ನಂತರ ಬದಲಾವಣೆಗಳಾದವು.

ಮೇಲುಗೈ ಯಾರದು?

ರಾಜ್ಯ ಮತ್ತು ಕೇಂದ್ರದ ಹಗ್ಗಜಗ್ಗಾಟ ನ್ಯಾಯಾಲಯಕ್ಕೂ ಹೋಗಿದೆ. 1980ರ ದಶಕದಲ್ಲಿ ಕೆಲವು ಗವರ್ನರುಗಳು ತಮ್ಮ ಪಡೆಯನ್ನು ತರಬೇತಿಗಾಗಿ ಮಧ್ಯ ಅಮೆರಿಕಕ್ಕೆ ಕಳುಹಿಸಲು ಒಪ್ಪಲಿಲ್ಲ. ಸಂಸತ್ತು 1986ರಲ್ಲಿ ತಿದ್ದುಪಡಿ ತಂದು ಆ ಕಾರಣಕ್ಕೆ ಒಪ್ಪಿಗೆ ನಿರಾಕರಿಸುವ ಹಕ್ಕನ್ನು ತೆಗೆದುಹಾಕಿತು. ಮಿನೆಸೋಟ ಗವರ್ನರ್ ರೂಡಿ ಪರ್ಪಿಚ್ ಇದನ್ನು ಪ್ರಶ್ನಿಸಿದರು. 1990ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಕೇಂದ್ರದ ಪರ ತೀರ್ಪು ನೀಡಿತು. ಕತ್ರಿನಾ ನಂತರ ಅಧ್ಯಕ್ಷರ ಅಧಿಕಾರವನ್ನು ಇನ್ನಷ್ಟು ವಿಸ್ತರಿಸಿದ ಕಾನೂನು ಬಂದಾಗ ಗವರ್ನರುಗಳು ಪಕ್ಷಭೇದ ಮರೆತು ವಿರೋಧಿಸಿದರು. 2008ರಲ್ಲಿ ಅದು ರದ್ದಾಯಿತು.

2025ರಲ್ಲಿ ಈ ವಿವಾದ ಮತ್ತೆ ಭುಗಿಲೆದ್ದಿತು. ವಲಸಿಗರ ಬಂಧನದ ವಿರುದ್ಧ ಲಾಸ್ ಏಂಜಲೀಸ್‌ನಲ್ಲಿ ಪ್ರತಿಭಟನೆಗಳು ನಡೆದಾಗ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಜೂನ್ 7ರಂದು ಕ್ಯಾಲಿಫೋರ್ನಿಯ ಗಾರ್ಡ್‌ನ ಯೋಧರನ್ನು, ಗವರ್ನರ್ ಗ್ಯಾವಿನ್ ನ್ಯೂಸಮ್ ಅವರ ವಿರೋಧವನ್ನು ಲೆಕ್ಕಿಸದೆ, ಕೇಂದ್ರದ ಅಧೀನಕ್ಕೆ ತೆಗೆದುಕೊಂಡರು. ಗವರ್ನರರ ಕೋರಿಕೆಯಿಲ್ಲದೆ ಅಧ್ಯಕ್ಷರೊಬ್ಬರು ಹೀಗೆ ಮಾಡಿದ್ದು 1965ರ ನಂತರ ಅದೇ ಮೊದಲು. 1965ರಲ್ಲಿ ಜಾನ್ಸನ್ ಅಲಬಾಮ ಗಾರ್ಡ್ ಅನ್ನು ವಶಕ್ಕೆ ಪಡೆದದ್ದು, ಮತದಾನದ ಹಕ್ಕಿಗಾಗಿ ಸೆಲ್ಮಾದಿಂದ ಹೊರಟ ಪಾದಯಾತ್ರಿಗಳ ರಕ್ಷಣೆಗೆ. 2025ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್ ಗಾರ್ಡ್‌ನ ಯೋಧರನ್ನು ಇಲಿನಾಯ್ ಗವರ್ನರರ ವಿರೋಧದ ನಡುವೆ ಷಿಕಾಗೊ ಪ್ರದೇಶಕ್ಕೆ ಕಳುಹಿಸಲಾಯಿತು. ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. ಇಲಿನಾಯ್‌ನಲ್ಲಿ ನಿಯೋಜನೆಗೆ ಕೆಳ ನ್ಯಾಯಾಲಯ ಒಡ್ಡಿದ್ದ ತಡೆಯನ್ನು ತೆರವುಗೊಳಿಸಲು ನ್ಯಾಯಾಲಯ ಡಿಸೆಂಬರ್ 23ರಂದು ನಿರಾಕರಿಸಿತು.

ಗವರ್ನರ್ ಇಲ್ಲದ ವಾಷಿಂಗ್ಟನ್ ನಗರದ ಗಾರ್ಡ್ ಮೇಲೆ ಅಧ್ಯಕ್ಷರಿಗೆ ನೇರ ಅಧಿಕಾರವಿದೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಗಾರ್ಡ್ ನಿಯೋಜನೆಗೊಂಡಾಗ ಹಲವು ರಾಜ್ಯಗಳ ಗವರ್ನರುಗಳು ತಾವಾಗಿ ತುಕಡಿಗಳನ್ನು ಕಳುಹಿಸಿದರು. ನವೆಂಬರ್ 26ರಂದು, ಶ್ವೇತಭವನಕ್ಕೆ ಅನತಿದೂರದಲ್ಲಿ, ವೆಸ್ಟ್ ವರ್ಜಿನಿಯಾದ ಇಬ್ಬರು ಗಾರ್ಡ್ ಯೋಧರ ಮೇಲೆ ಗುಂಡಿನ ದಾಳಿ ನಡೆಯಿತು. 20 ವರ್ಷದ ಯುವತಿಯೊಬ್ಬಳು ಪ್ರಾಣ ಕಳೆದುಕೊಂಡಳು. ಕಾನೂನಿನ ವಾದ ಯಾರ ಕಡೆಗೇ ವಾಲಲಿ, ಅದರ ಭಾರ ಕೊನೆಗೆ ಬೀಳುವುದು ಇಂತಹವರ ಮೇಲೆ.

ಕೆಲಸ ಉಳಿಯುವುದೇ?

ಕರೆ ಬಂದಾಗ ಯೋಧನ ಉದ್ಯೋಗದ ಗತಿಯೇನು? 1994ರ ಕೇಂದ್ರ ಕಾಯ್ದೆಯ ಪ್ರಕಾರ, ಸೇನಾ ಸೇವೆಗೆ ಹೋದ ನೌಕರನಿಗೆ ಹಿಂದಿರುಗಿದಾಗ ಕೆಲಸವನ್ನು ಮಾತ್ರವಲ್ಲ, ಹೋಗದೆ ಉಳಿದಿದ್ದರೆ ದೊರೆಯುತ್ತಿದ್ದ ಬಡ್ತಿ ಮತ್ತು ಸೇವಾ ಹಿರಿತನವನ್ನೂ ಮಾಲೀಕ ಕೊಡಬೇಕು. ಒಬ್ಬ ಮಾಲೀಕನಡಿಯಲ್ಲಿ ಒಟ್ಟು ಐದು ವರ್ಷಗಳ ಸೇವೆಗೆ, ಕೆಲವು ವಿನಾಯಿತಿಗಳೊಂದಿಗೆ, ಈ ರಕ್ಷಣೆ ಅನ್ವಯಿಸುತ್ತದೆ. ಆದರೆ ಗವರ್ನರರ ಕರೆಗೆ ಓಗೊಟ್ಟವರಿಗೆ ಬಹುಕಾಲ ಆಯಾ ರಾಜ್ಯದ ಕಾನೂನೇ ಗತಿಯಾಗಿತ್ತು. 2021ರ ತಿದ್ದುಪಡಿ ಅವರಲ್ಲಿ ಕೆಲವರನ್ನು ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ತಂದಿತು. ಸ್ವಂತ ಅಂಗಡಿ ನಡೆಸುವವನಿಗೆ ಅಥವಾ ಒಬ್ಬಂಟಿ ವೈದ್ಯನಿಗೆ ಯಾವ ಕಾಯ್ದೆಯೂ ಗಿರಾಕಿಗಳನ್ನು ಹಿಡಿದಿಡಲಾರದು. ನಾಗರಿಕ ಉದ್ಯೋಗದ ಸಂಬಳ ಸೇನಾ ಸಂಬಳಕ್ಕಿಂತ ಹೆಚ್ಚಿದ್ದರೆ ಮನೆ ಸಾಲದ ಕಂತು ಕಟ್ಟುವುದೂ ಕಷ್ಟ. ಖಾಯಂ ಸೈನಿಕರ ಕುಟುಂಬಗಳು ನೆಲೆಗಳಲ್ಲಿ ಒಟ್ಟಾಗಿರುತ್ತವೆ; ಗಾರ್ಡ್ ಯೋಧನ ಹೆಂಡತಿ ಅಥವಾ ಗಂಡ ಸಾಮಾನ್ಯ ಬಡಾವಣೆಯಲ್ಲಿ ಒಂಟಿಯಾಗಿ ಎಲ್ಲವನ್ನೂ ನಿಭಾಯಿಸಬೇಕು.

ಗಾರ್ಡ್ ಹೊರಹೋದಾಗ ರಾಜ್ಯ ಬರಿದಾಗಬಾರದೆಂದು ಸುಮಾರು 20 ರಾಜ್ಯಗಳು ತಮ್ಮದೇ ಪ್ರತ್ಯೇಕ ರಕ್ಷಣಾ ದಳಗಳನ್ನೂ ಇಟ್ಟುಕೊಂಡಿವೆ. ಇವುಗಳಲ್ಲಿರುವವರು ಹೆಚ್ಚಾಗಿ ಸ್ವಯಂಸೇವಕರು. ಈ ದಳಗಳನ್ನು ಕೇಂದ್ರ ಕರೆಸಿಕೊಳ್ಳುವಂತಿಲ್ಲ. ಆದರೆ ಕೇಂದ್ರದ ಹಣವೂ ಅವಕ್ಕಿಲ್ಲ. ಆದ್ದರಿಂದ ಅವುಗಳ ಶಕ್ತಿ ಸೀಮಿತ.

ಭಾರತದ ದಾರಿ ಬೇರೆ

ಭಾರತದ ಸಂವಿಧಾನ ಸೇನೆಯನ್ನು ಸಂಪೂರ್ಣವಾಗಿ ಕೇಂದ್ರದ ಪಟ್ಟಿಗೆ ಸೇರಿಸಿತು. ದೇಶೀಯ ಸಂಸ್ಥಾನಗಳ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನಗೊಂಡವು. ಮೈಸೂರು ಸಂಸ್ಥಾನದ ಅಶ್ವದಳದ ಪರಂಪರೆ 1953ರಲ್ಲಿ ರೂಪುಗೊಂಡ 61ನೇ ಅಶ್ವದಳದಲ್ಲಿ ಮುಂದುವರಿಯಿತು. ನಾಗರಿಕ ಸೈನಿಕನ ಕಲ್ಪನೆ ನಮ್ಮಲ್ಲೂ ಇದೆ. 1948ರ ಕಾಯ್ದೆಯಂತೆ ರಚನೆಯಾಗಿ, 1949ರ ಅಕ್ಟೋಬರ್ 9ರಂದು ಸಿ. ರಾಜಗೋಪಾಲಾಚಾರಿ ಅವರು ಉದ್ಘಾಟಿಸಿದ ಪ್ರಾದೇಶಿಕ ಸೇನೆ ಅದರ ರೂಪ. ಅದಕ್ಕೆ ಒಡೆಯ ಒಬ್ಬನೇ, ಕೇಂದ್ರ ಸರ್ಕಾರ. ನಮ್ಮ ಮುಖ್ಯಮಂತ್ರಿಗಳು ವಿಪತ್ತಿನ ವೇಳೆ ಸೇನೆಯ ನೆರವು ಕೋರಬಹುದೇ ವಿನಾ ಆಜ್ಞೆ ನೀಡಲಾಗದು. ಇದರಿಂದ ಗೊಂದಲ ತಪ್ಪಿದೆ, ಆದರೆ ರಾಜ್ಯದ ಕೈಯಲ್ಲಿ ಸ್ವಂತ ಸೇನಾಬಲವಿಲ್ಲ.

ಅಮೆರಿಕ ಆ ಗೊಂದಲವನ್ನು ತಿಳಿದೇ ಉಳಿಸಿಕೊಂಡಿದೆ. ಸೇನಾಬಲ ಒಬ್ಬರ ಕೈಯಲ್ಲೇ ಕೂಡಿಕೊಳ್ಳಬಾರದೆಂಬುದು ಆ ವ್ಯವಸ್ಥೆಯ ಮೂಲ ಆಶಯ. ಇಬ್ಬರು ಒಡೆಯರು ಹೊಂದಿಕೊಂಡು ನಡೆದಾಗ ಗಾರ್ಡ್ ಯೋಧ ನೆರೆಯಲ್ಲೂ ರಣರಂಗದಲ್ಲೂ ಒದಗುತ್ತಾನೆ. ಅವರು ಕಚ್ಚಾಡಿದಾಗ, ಸೋಮವಾರ ಬೆಳಿಗ್ಗೆ ತನ್ನ ಕಚೇರಿಗೋ ತರಗತಿಗೋ ಮರಳಬೇಕಾದ ಸಾಮಾನ್ಯ ನಾಗರಿಕನೊಬ್ಬ ಬಂದೂಕು ಹಿಡಿದು ತನ್ನಂತಹವರ ಎದುರು ನಿಲ್ಲಬೇಕಾಗುತ್ತದೆ. ಅವನು ಯಾವ ಕಡೆಗೆ ಮುಖ ಮಾಡಿ ನಿಲ್ಲಬೇಕೆಂಬುದನ್ನು ಮಾತ್ರ, 1957ರ ಲಿಟಲ್ ರಾಕ್‌ನಲ್ಲಿ ಆದಂತೆ, ಬೇರೆಯವರು ನಿರ್ಧರಿಸುತ್ತಾರೆ.